ಪುಟ್ಟ ಮಕ್ಕಳ ಟೀಚರ್ ಆಗಿದ್ದೀರಿ, ಮುಂದೇನು?

"ಮೂರು ವರ್ಷದಿಂದ ನರ್ಸರಿಯಲ್ಲಿದ್ದೀನಿ, ಇದರಲ್ಲಿ ಮುಂದೆ ಏನಾದರೂ ಇದೆಯಾ?" "ಯಾವ ಕೋರ್ಸ್ ಮಾಡಿದರೆ ಒಳ್ಳೇದು?" "ಪ್ರಿನ್ಸಿಪಾಲ್ ಆಗೋದು ಬಿಟ್ಟರೆ ಬೇರೆ ದಾರಿನೇ ಇಲ್ವಾ?" ಈ ಮೂರು ಪ್ರಶ್ನೆಗಳು ನನಗೆ ಬರುತ್ತಲೇ ಇರುತ್ತವೆ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರ ಬರೆದು ಸಾಕಾಯಿತು. ಎಲ್ಲವನ್ನೂ ಇಲ್ಲಿ ಒಟ್ಟಿಗೆ ಹಾಕುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ದಾರಿ ಇದೆ, ಒಂದಲ್ಲ, ಆರೇಳು ಇವೆ. ಆದರೆ ಬ್ಯಾಂಕಿನಲ್ಲೋ ಸರ್ಕಾರಿ ಕಚೇರಿಯಲ್ಲೋ ಇರುವ ಹಾಗೆ ಇಷ್ಟು ವರ್ಷಕ್ಕೆ ಇಂಥ ಹುದ್ದೆ ಅಂತ ಬರೆದಿಟ್ಟ ಮೆಟ್ಟಿಲು ಹೆಚ್ಚಿನ ಕಡೆ ಇಲ್ಲ. ನೀವೇ ಬಾಯಿ ಬಿಟ್ಟು ಕೇಳಬೇಕು, ಕೇಳುವಾಗ ಕೈಯಲ್ಲಿ ಏನಾದರೂ ಇರಬೇಕು. ಆ ಏನಾದರೂ ಅಂದರೆ ಸರ್ಟಿಫಿಕೇಟ್ ಅಂತಲೇ ಎಲ್ಲರ ಲೆಕ್ಕ. ಸರ್ಟಿಫಿಕೇಟ್ ಬೇಕು, ಬೇಡ ಅನ್ನಲ್ಲ. ಆದರೆ ಟೀಚರುಗಳ ಇಂಟರ್‌ವ್ಯೂ ಮಾಡುವ ಕಡೆ ಕೂತು ನಾನು ನೋಡಿದ್ದು ಏನೆಂದರೆ, ಆರು ಸರ್ಟಿಫಿಕೇಟ್ ತಂದವರಿಗಿಂತ ಒಂದು ಮಾಸಲು ನೋಟ್‌ಬುಕ್ ತಂದವರೇ ಮುಂದೆ ಹೋಗಿದ್ದಾರೆ. ಅದು ಯಾಕೆ ಅನ್ನೋದು ಕೆಳಗೆ 3ನೇ ಭಾಗದಲ್ಲಿದೆ. ಟೈಮ್ ಇಲ್ಲದವರು ಅದೊಂದನ್ನಾದರೂ ಓದಿ.

ಶುರು ಮಾಡುವ ಮುಂಚೆ

ಬಾಲ್ಯ ಶಿಕ್ಷಣ ಅಂದ ಕೂಡಲೇ ನರ್ಸರಿ ಕ್ಲಾಸು ಮಾತ್ರ ಕಣ್ಣಿಗೆ ಬರುತ್ತದೆ. ಈ ಕ್ಷೇತ್ರದವರು ಸಾಮಾನ್ಯವಾಗಿ ಹುಟ್ಟಿನಿಂದ 8 ವರ್ಷದವರೆಗಿನ ವಯಸ್ಸನ್ನೆಲ್ಲ ಸೇರಿಸಿ ಮಾತಾಡುತ್ತಾರೆ. ಯುನೆಸ್ಕೋ 2011ರಲ್ಲಿ ಪರಿಷ್ಕರಿಸಿದ ಶಿಕ್ಷಣ ಮಟ್ಟಗಳ ಪಟ್ಟಿಯಲ್ಲಿ ಒಂದನೇ ಕ್ಲಾಸಿಗೆ ಮುಂಚಿನದೆಲ್ಲ 'ಮಟ್ಟ 0'. ಸೊನ್ನೆ ಕೊಟ್ಟಿದ್ದಾರೆ ಅಂತ ಬೇಜಾರಾಗಬೇಡಿ, ಕಟ್ಟಡದಲ್ಲೂ ನೆಲಮಹಡಿಯಿಂದಲೇ ಎಣಿಕೆ ಶುರು ಅಲ್ವಾ. ಆ ಮಟ್ಟದೊಳಗೆ ಮತ್ತೆ ಎರಡು ಭಾಗ: 3 ವರ್ಷದ ಒಳಗಿನವರದು ಒಂದು, 3 ವರ್ಷದಿಂದ ಶಾಲೆ ಸೇರುವವರೆಗಿನದು ಇನ್ನೊಂದು.

ಈ ವಿಭಜನೆ ನಿಮಗೆ ಯಾಕೆ ಬೇಕು ಅಂದರೆ, ತರಬೇತಿ, ಕೆಲಸ, ಸಂಬಳ ಎಲ್ಲವೂ ಬಹಳ ಕಡೆ ಇದೇ ಗೆರೆಯ ಮೇಲೆ ಒಡೆಯುತ್ತವೆ. ಕೂಸುಗಳ ಜೊತೆ ಇರುವುದಕ್ಕೂ ಐದು ವರ್ಷದವರ ಜೊತೆ ಇರುವುದಕ್ಕೂ ಬೇಕಾದ ಕಸುಬು ಬೇರೆ. ನಿಮಗೆ ಯಾವ ವಯಸ್ಸಿನ ಮಕ್ಕಳ ಜೊತೆ ಇಡೀ ದಿನ ಕಳೆದ ಮೇಲೂ ಸಂಜೆ ಸ್ವಲ್ಪ ಉಸಿರು ಉಳಿದಿರುತ್ತದೆ ಅನ್ನೋದನ್ನು ಪ್ರಾಮಾಣಿಕವಾಗಿ ಯೋಚಿಸಿ. ಮಿಕ್ಕ ನಿರ್ಧಾರಗಳೆಲ್ಲ ಅದರ ಹಿಂದೆ ಬರುತ್ತವೆ.

ಸಾಮಾನು ಜಾಸ್ತಿ ಏನೂ ಬೇಡ. ಜೇಬಿಗೆ ಹಿಡಿಸುವ ಒಂದು ನೋಟ್‌ಬುಕ್, ಒಂದು ಫೈಲ್, ವಾರಕ್ಕೆ ಒಂದು ಗಂಟೆ ಬಿಡುವು, ನಿಮ್ಮ ಕ್ಲಾಸಿಗೆ ಬಂದು ಕೂತು ಕಂಡದ್ದನ್ನು ಮುಖದ ಮೇಲೆ ಹೇಳುವ ಒಬ್ಬರು. ಕೊನೆಯದೇ ಕಷ್ಟ. ಪ್ರಥಮ ಚಿಕಿತ್ಸೆಯ ತರಬೇತಿ ಪತ್ರ ಮತ್ತು ನಡತೆ ಪರಿಶೀಲನೆಯ ಪತ್ರ, ಅಂದರೆ ನಿಮ್ಮ ಮೇಲೆ ಅಪರಾಧದ ಕೇಸುಗಳಿಲ್ಲ ಅಂತ ತೋರಿಸುವ ಕಾಗದ, ಇವೆರಡನ್ನೂ ಅವಧಿ ಮುಗಿಯದ ಹಾಗೆ ಇಟ್ಟುಕೊಳ್ಳಿ. ಎಷ್ಟೋ ಒಳ್ಳೆಯ ಕೆಲಸ ಈ ಎರಡು ಕಾಗದ ತಡವಾಗಿದ್ದಕ್ಕೇ ಕೈತಪ್ಪುತ್ತದೆ.

1. ಈಗ ಎಲ್ಲಿ ನಿಂತಿದ್ದೀರಿ ಅಂತ ನೋಡಿಕೊಳ್ಳಿ

ಲಿಲಿಯನ್ ಕಾಟ್ಜ್ ಅನ್ನುವ ಶಿಕ್ಷಣ ತಜ್ಞೆ 1972ರಲ್ಲಿ ಪುಟ್ಟ ಮಕ್ಕಳ ಟೀಚರುಗಳು ಬೆಳೆಯುವ ನಾಲ್ಕು ಹಂತಗಳನ್ನು ಬರೆದರು. ಐವತ್ತು ವರ್ಷ ದಾಟಿದರೂ ಅದು ಇನ್ನೂ ಸರಿಯಾಗಿಯೇ ಕೂರುತ್ತದೆ.

ಮೊದಲನೆಯದು ಬದುಕುಳಿಯುವ ಹಂತ. ಸುಮಾರು ಮೊದಲ ವರ್ಷ. 'ಇವತ್ತು ಯಾರಿಗೂ ಪೆಟ್ಟಾಗದೆ ಮನೆಗೆ ಹೋದರೆ ಸಾಕಪ್ಪಾ' ಅನ್ನೋದೇ ಗುರಿ. ಎರಡನೆಯದು ನೆಲೆಯೂರುವ ಹಂತ: ಇಡೀ ಗುಂಪು ಕೈಗೆ ಬಂದಿರುತ್ತದೆ, ಈಗ ತಲೆ ತಿನ್ನುವುದು ಒಂದೊಂದೇ ಮಗು. ಕಚ್ಚುವ ಮಗು, ಮಾತಾಡದ ಮಗು, ಬಾಗಿಲಲ್ಲಿ ಅಮ್ಮನನ್ನು ಬಿಡದ ಮಗು. ಮೂರನೆಯದು ಹೊಸತು ಹುಡುಕುವ ಹಂತ. ಮೂರನೇ, ನಾಲ್ಕನೇ ವರ್ಷದ ಹೊತ್ತಿಗೆ ಅದೇ ಹಾಡು, ಅದೇ ಬಣ್ಣ, ಅದೇ ಥೀಮ್ ಅಂತ ಬೇಸರ ಶುರುವಾಗುತ್ತದೆ. ನಾಲ್ಕನೆಯದು ಪಕ್ವತೆ. ಆಗ 'ಹೇಗೆ ಮಾಡಲಿ' ಅನ್ನೋದು ಹಿಂದೆ ಬಿದ್ದು 'ಇದನ್ನೆಲ್ಲ ಯಾಕೆ ಮಾಡುತ್ತಿದ್ದೇವೆ' ಅನ್ನುವ ಪ್ರಶ್ನೆ ಬರುತ್ತದೆ.

ಕಾಟ್ಜ್ ಹೇಳಿದ್ದರಲ್ಲಿ ಉಪಯೋಗದ ಮಾತು ಇದು: ಒಂದೊಂದು ಹಂತಕ್ಕೆ ಬೇಕಾದ ಸಹಾಯವೇ ಬೇರೆ. ಮೊದಲ ವರ್ಷದವರಿಗೆ ಕ್ಲಾಸಿನಲ್ಲೇ ಪಕ್ಕದಲ್ಲಿ ನಿಂತು ಕೈ ಹಿಡಿಯುವವರು ಬೇಕು. ಎರಡನೇ ಹಂತದವರಿಗೆ ಆ ಒಂದು ಮಗುವಿನ ಬಗ್ಗೆ ಕೂತು ಚರ್ಚೆ ಮಾಡುವ ಸಹೋದ್ಯೋಗಿಯೋ ತಜ್ಞರೋ ಬೇಕು. ಮೂರನೆಯವರಿಗೆ ಬೇರೆ ಶಾಲೆಗಳನ್ನು ನೋಡಿಬರುವುದು, ಸಮ್ಮೇಳನ, ವೃತ್ತಿಯವರ ಸಂಘ. ಡಿಗ್ರಿ, ಗಂಭೀರ ಓದು ನಾಲ್ಕನೆಯವರಿಗೆ ಹೆಚ್ಚು ದಕ್ಕುತ್ತದೆ.

ಎಡವುವುದು ಇಲ್ಲಿ: ಮೊದಲ ವರ್ಷದ ಒದ್ದಾಟವನ್ನು 'ಈ ಕೆಲಸ ನನಗಲ್ಲ' ಅಂತ ತಿಳಿದು ಬಿಟ್ಟುಹೋಗುತ್ತಾರೆ. ಇನ್ನು ಕೆಲವರು ಮೂರನೇ ವರ್ಷದ ಬೇಸರವನ್ನು 'ನನಗೆ ಪ್ರಮೋಷನ್ ಬೇಕು' ಅಂತ ತಪ್ಪಾಗಿ ಓದುತ್ತಾರೆ. ಅವರಿಗೆ ನಿಜಕ್ಕೂ ಬೇಕಿದ್ದದ್ದು ಬೇರೆ ವಯಸ್ಸಿನ ಮಕ್ಕಳ ಗುಂಪು, ಇಲ್ಲವೇ ಎರಡು ದಿನ ಇನ್ನೊಂದು ಶಾಲೆಯ ಮೂಲೆಯಲ್ಲಿ ಸುಮ್ನೆ ಕೂತು ನೋಡುವುದು. ಕೋಆರ್ಡಿನೇಟರ್ ಕುರ್ಚಿಯಲ್ಲಿ ಕೂತ ಮೇಲೆ ಆ ಬೇಸರ ಕಡಿಮೆ ಆಗುವುದಿಲ್ಲ, ಫೈಲುಗಳ ಜೊತೆ ಜಾಸ್ತಿ ಆಗುತ್ತದೆ.

2. ಕೋರ್ಸಿಗೆ ದುಡ್ಡು ಕಟ್ಟುವ ಮುಂಚೆ ನಾಲ್ಕು ಪ್ರಶ್ನೆ ಕೇಳಿ

ಒಂದು ಮಾದರಿ ಹೇಳುತ್ತೇನೆ, ಅದನ್ನು ಅಳತೆಗೋಲಾಗಿ ಇಟ್ಟುಕೊಳ್ಳಿ. ಅಮೆರಿಕದಲ್ಲಿ ಪುಟ್ಟ ಮಕ್ಕಳ ಟೀಚರುಗಳಿಗೆ 'ಸಿಡಿಎ' (ಚೈಲ್ಡ್ ಡೆವಲಪ್‌ಮೆಂಟ್ ಅಸೋಸಿಯೇಟ್) ಅಂತ ಒಂದು ಅರ್ಹತಾ ಪತ್ರ ಇದೆ, 1970ರ ದಶಕದಿಂದ ನಡೆದುಬಂದದ್ದು. ಅದನ್ನು ಪಡೆಯಲು 120 ಗಂಟೆಗಳ ಪಾಠ ಆಗಿರಬೇಕು, ಮಕ್ಕಳ ಜೊತೆ 480 ಗಂಟೆ ಕೆಲಸ ಮಾಡಿರಬೇಕು, ತನ್ನ ಕೆಲಸದ ಫೈಲ್ ಕಟ್ಟಬೇಕು, ಪರೀಕ್ಷೆ ಬರೆಯಬೇಕು, ಅದರ ಮೇಲೆ ಪರಿಣತರೊಬ್ಬರು ಕ್ಲಾಸಿಗೇ ಬಂದು ಕೂತು ನೋಡುತ್ತಾರೆ. ಮೂರು ವರ್ಷಕ್ಕೊಮ್ಮೆ ನವೀಕರಣ. ಪಾಠದ ನಾಲ್ಕರಷ್ಟು ಮಕ್ಕಳ ಜೊತೆಗಿನ ಕೆಲಸ, ಈ ಅನುಪಾತ ನೆನಪಿಡಿ. 'ಹತ್ತು ದಿನದಲ್ಲಿ ಮನೆಯಲ್ಲೇ ಕೂತು ಡಿಪ್ಲೊಮಾ' ಅನ್ನುವ ಜಾಹೀರಾತು ಕಂಡಾಗ ಈ ಲೆಕ್ಕದ ಜೊತೆ ಹೋಲಿಸಿ ನೋಡಿ.

ಕೇಳಬೇಕಾದ ಪ್ರಶ್ನೆಗಳು ಇವು. ಒಂದು, ಈ ಪತ್ರವನ್ನು ಯಾರು ಮಾನ್ಯ ಮಾಡುತ್ತಾರೆ? ಕೋರ್ಸ್ ನಡೆಸುವವರ ಮಾತು ಸಾಲದು. ನೀವು ಕೆಲಸ ಮಾಡಬೇಕೆಂದಿರುವ ಎರಡು ಮೂರು ಶಾಲೆಗಳಿಗೆ ಫೋನ್ ಮಾಡಿ ಕೇಳಿ. ಎರಡು, ಪ್ರಾಕ್ಟಿಕಮ್ ಎಷ್ಟು ಗಂಟೆ? ಪ್ರಾಕ್ಟಿಕಮ್ ಅಂದರೆ ನಿಜವಾದ ಮಕ್ಕಳಿರುವ ನಿಜವಾದ ಕ್ಲಾಸಿನಲ್ಲಿ ಮೇಲ್ವಿಚಾರಣೆಯಡಿ ಕೆಲಸ ಮಾಡುವುದು. ವೀಡಿಯೋ ನೋಡುವುದು ಪ್ರಾಕ್ಟಿಕಮ್ ಅಲ್ಲ. ಮೂರು, ಇದು ಯಾವ ವಯಸ್ಸಿಗೆ? ನಾಲ್ಕು, ಮುಂದೆ ಡಿಗ್ರಿ ಮಾಡಿದರೆ ಈ ಓದು ಅದರಲ್ಲಿ ಲೆಕ್ಕಕ್ಕೆ ಬರುತ್ತದಾ, ಅಥವಾ ಮತ್ತೆ ಮೊದಲಿಂದಲಾ?

ಮೂರನೇ ಪ್ರಶ್ನೆಯಲ್ಲಿ ತುಂಬಾ ಜನ ಎಡವುತ್ತಾರೆ, ಅದರಲ್ಲೂ ಮಾಂಟೆಸರಿ ತರಬೇತಿಯಲ್ಲಿ. ಮರಿಯಾ ಮಾಂಟೆಸರಿ 1929ರಲ್ಲಿ ತಾವೇ ಕಟ್ಟಿದ ಅಂತರರಾಷ್ಟ್ರೀಯ ಸಂಸ್ಥೆ ಎಎಂಐ ಕೊಡುವ ಡಿಪ್ಲೊಮಾಗಳು ವಯಸ್ಸಿನ ಲೆಕ್ಕದಲ್ಲಿವೆ: 0ರಿಂದ 3, 3ರಿಂದ 6, 6ರಿಂದ 12. 3ರಿಂದ 6ರದ್ದು ಮುಗಿಸಿದವರು ಕೂಸುಗಳ ವಿಭಾಗಕ್ಕೆ ತರಬೇತಾದವರು ಅಂತ ಅರ್ಥ ಅಲ್ಲ. ಇನ್ನೊಂದು ವಿಷಯ. 'ಮಾಂಟೆಸರಿ' ಅನ್ನುವ ಪದ ಒಬ್ಬರ ಸ್ವತ್ತಲ್ಲ. ಅಮೆರಿಕದಲ್ಲಿ ಇದು 1967ರಲ್ಲೇ ತೀರ್ಮಾನವಾಯಿತು, ಟ್ರೇಡ್‌ಮಾರ್ಕ್ ವಿಚಾರಣಾ ಮಂಡಳಿ ಅದನ್ನು ಸಾಮಾನ್ಯ ಪದ ಅಂತ ಹೇಳಿಬಿಟ್ಟಿತು. ಹಾಗಾಗಿ ಬೋರ್ಡಿನ ಮೇಲೆ ಆ ಹೆಸರಿದೆ ಅಂದರೆ ಒಳಗೆ ಏನಿದೆ ಅಂತ ಹೇಳಲಾಗದು. ಹೋಗಿ ಕಣ್ಣಾರೆ ನೋಡಿ.

ಕೆಲವು ದೇಶಗಳಲ್ಲಿ ಮೆಟ್ಟಿಲು ಸ್ಪಷ್ಟವಾಗಿದೆ. ಆಸ್ಟ್ರೇಲಿಯಾದಲ್ಲಿ 'ಸರ್ಟಿಫಿಕೇಟ್ 3' ಅನ್ನುವ ಕೋರ್ಸ್, ಅದರ ಮೇಲೆ ಡಿಪ್ಲೊಮಾ, ಅದರ ಮೇಲೆ ಡಿಗ್ರಿ. ಇಂಗ್ಲೆಂಡಿನಲ್ಲಿ ಮಕ್ಕಳ ಜೊತೆ ಪೂರ್ಣ ಅರ್ಹ ಕೆಲಸಗಾರರು ಅನ್ನಿಸಿಕೊಳ್ಳಲು 'ಲೆವೆಲ್ 3' ಅನ್ನುವ ಮಟ್ಟದ ಅರ್ಹತಾ ಪತ್ರ ಬೇಕು. ಹೊರದೇಶಕ್ಕೆ ಹೋಗುವ ಯೋಚನೆ ಇದ್ದರೆ ಕೋರ್ಸ್ ಸೇರುವ ಮುಂಚೆಯೇ ಆ ದೇಶದ ಪಟ್ಟಿಯಲ್ಲಿ ಅದು ಇದೆಯಾ ಅಂತ ನೋಡಿ. ಮುಗಿಸಿದ ಮೇಲೆ ನೋಡಿ ತಲೆ ಮೇಲೆ ಕೈ ಹೊತ್ತವರು ಬಹಳ.

3. ನೋಡುವುದನ್ನು ಕಲಿಯಿರಿ, ನೋಡಿದ್ದನ್ನು ಬರೆಯಿರಿ

ಇದೇ ಆ ಮಾಸಲು ನೋಟ್‌ಬುಕ್. ಈ ಕ್ಷೇತ್ರದಲ್ಲಿ ಇದಕ್ಕೆ ಅಬ್ಸರ್ವೇಶನ್ ಅನ್ನುತ್ತಾರೆ: ಮಗು ಏನು ಮಾಡಿತು, ಏನು ಹೇಳಿತು ಅನ್ನೋದನ್ನು ನಿಮ್ಮ ಅಭಿಪ್ರಾಯ ಬೆರೆಸದೆ ಬರೆದಿಡುವುದು. ಕೇಳಲು ಸುಲಭ. ಕೂತು ಬರೆದು ನೋಡಿ, ಎರಡನೇ ಸಾಲಿಗೇ ಅಭಿಪ್ರಾಯ ನುಸುಳಿರುತ್ತದೆ.

ಸಾಮಾನ್ಯವಾಗಿ ನಮ್ಮ ನೋಟ್‌ಬುಕ್‌ಗಳಲ್ಲಿ ಇರುವುದು ಹೀಗೆ: 'ಇವತ್ತು ತುಂಬಾ ಹಟ ಮಾಡಿದ. ಯಾರ ಜೊತೆಯೂ ಬೆರೆಯಲಿಲ್ಲ. ಗಮನ ಕಡಿಮೆ.' ಇದರಿಂದ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಅದೇ ಹತ್ತು ನಿಮಿಷವನ್ನು ಹೀಗೆ ಬರೆಯಬಹುದಿತ್ತು:

'ಬೆಳಗ್ಗೆ 10:20, ನೀರಿನ ಟಬ್. ಕೈಯಲ್ಲಿ ಸಣ್ಣ ಬಾಯಿಯ ಬಾಟಲಿ. ಲೋಟದಿಂದ ನೀರು ಸುರಿದ, ಅರ್ಧಕ್ಕರ್ಧ ಹೊರಗೆ ಚೆಲ್ಲಿತು. ಲೋಟ ಇಟ್ಟು ಪಕ್ಕದ ಹುಡುಗಿಯ ಕೈ ನೋಡುತ್ತಾ ನಿಂತ, ಸುಮಾರು ಒಂದು ನಿಮಿಷ. ಅವಳು ಬಾಟಲಿಯನ್ನು ಪೂರ್ತಿ ನೀರಿನೊಳಗೆ ಮುಳುಗಿಸಿದಳು, ಗುಳುಗುಳು ಸದ್ದಾಯಿತು. ಇವನೂ ತನ್ನ ಬಾಟಲಿಯನ್ನು ಮುಳುಗಿಸಿದ. ಸದ್ದು ನಿಂತ ಮೇಲೆ ಮೇಲೆತ್ತಿ ಬೆಳಕಿಗೆ ಹಿಡಿದು "ತುಂಬ್ತು" ಅಂದ. ಅವಳ ಕಡೆ ನೋಡಲಿಲ್ಲ. ಸಾಲಾಗಿ ನಿಲ್ಲಿ ಅಂತ ಕರೆದಾಗ ಬರಲಿಲ್ಲ, ಇನ್ನೂ ನಾಲ್ಕು ಸಲ ಮುಳುಗಿಸಿದ.'

ಈಗ ನೋಡಿ. ಹಟ ಅಂದುಕೊಂಡದ್ದು ಕೆಲಸದಲ್ಲಿ ಮುಳುಗಿದ್ದು. ಬೆರೆಯಲಿಲ್ಲ ಅಂದುಕೊಂಡ ಮಗು ಪಕ್ಕದವಳನ್ನು ನೋಡಿಯೇ ಕಲಿತಿದೆ. ಮಿಲ್ಡ್ರೆಡ್ ಪಾರ್ಟನ್ ಅನ್ನುವ ಸಂಶೋಧಕಿ 1932ರಲ್ಲಿ ಮಕ್ಕಳ ಆಟವನ್ನು ವಿಂಗಡಿಸಿದಾಗ ಇದಕ್ಕೆಲ್ಲ ಹೆಸರು ಕೊಟ್ಟರು: ನಿಂತು ನೋಡುವುದು, ಪಕ್ಕಪಕ್ಕದಲ್ಲೇ ಇದ್ದು ತಂತಮ್ಮ ಆಟ ಆಡುವುದು, ಕೊಟ್ಟು ತೆಗೆದುಕೊಂಡು ಆಡುವುದು, ಒಂದೇ ಗುರಿ ಇಟ್ಟು ಕೂಡಿ ಆಡುವುದು. ಆ ಪದಗಳು ಗೊತ್ತಿದ್ದರೆ ಒಳ್ಳೇದು. ಆದರೆ ಮೊದಲು ನೋಟ ಬರಬೇಕು, ಆಮೇಲೆ ಪದ.

ಮಾಡುವ ವಿಧಾನ: ದಿನಕ್ಕೆ ಒಂದು ಮಗು, ಐದೇ ನಿಮಿಷ. ಸಮಯ, ಜಾಗ ಮೊದಲು ಬರೆಯಿರಿ. ಮಗು ಆಡಿದ ಮಾತನ್ನು ತಿದ್ದದೆ, ತೊದಲಿದ್ದರೆ ತೊದಲಿದ ಹಾಗೇ ಬರೆಯಿರಿ. ವಾರದ ಕೊನೆಗೆ ಕೂತು ಪಕ್ಕದ ಪುಟದಲ್ಲಿ ಬೇರೆ ಬಣ್ಣದ ಪೆನ್ನಿನಲ್ಲಿ 'ಇದರಿಂದ ನನಗೆ ಏನು ಅನ್ನಿಸಿತು, ಸೋಮವಾರ ಏನು ಬದಲಾಯಿಸುತ್ತೇನೆ' ಅಂತ ಎರಡು ಸಾಲು. ಮೇಲಿನ ಟಿಪ್ಪಣಿಯಾದರೆ, ಸೋಮವಾರ ಟಬ್ ಹತ್ತಿರ ಬೇರೆ ಬೇರೆ ಬಾಯಿಯ ನಾಲ್ಕು ಬಾಟಲಿ ಇಡುವುದು, ಸಾಲು ನಿಲ್ಲಿಸುವ ಐದು ನಿಮಿಷ ಮುಂಚೆಯೇ ಹೇಳುವುದು. ಅಷ್ಟೇ.

ಹೆಚ್ಚಿನವರು ಒಂದು ತಪ್ಪು ಮಾಡುತ್ತಾರೆ. ತುಂಟ ಮಕ್ಕಳ ಬಗ್ಗೆಯೇ ಬರೆಯುತ್ತಾರೆ, ಇಲ್ಲವೇ ಚೂಟಿ ಮಕ್ಕಳ ಬಗ್ಗೆ. ನಡುವೆ ಸದ್ದಿಲ್ಲದೆ ಇರುವವರು ಪುಸ್ತಕದಲ್ಲೇ ಇರುವುದಿಲ್ಲ. ತಿಂಗಳ ಕೊನೆಗೆ ಹಾಜರಿ ಪಟ್ಟಿ ಇಟ್ಟುಕೊಂಡು ಯಾರ ಹೆಸರು ಒಮ್ಮೆಯೂ ಬಂದಿಲ್ಲ ಅಂತ ಟಿಕ್ ಹಾಕಿ ನೋಡಿ, ನಾಚಿಕೆ ಆಗುತ್ತದೆ. ನನಗೆ ಆಗಿದೆ.

ಇದು ವೃತ್ತಿಗೆ ಹೇಗೆ ಬರುತ್ತದೆ ಅಂತೀರಾ? ಪೋಷಕರ ಜೊತೆ ಮಾತಾಡಲು, ಹೊಸ ಟೀಚರಿಗೆ ಕಲಿಸಲು, ತಜ್ಞರ ಹತ್ತಿರ ಮಗುವನ್ನು ಕಳಿಸಲು, ಪಠ್ಯಕ್ರಮ ಬರೆಯಲು, ಎಲ್ಲದಕ್ಕೂ ಬಂಡವಾಳ ಇದೇ. ಮುಂದೆ ಹೇಳುವ ಯಾವ ಕವಲಿಗೆ ಹೋದರೂ ಇದು ಜೊತೆಗೆ ಬರುತ್ತದೆ.

4. ಫೈಲ್ ಕಟ್ಟಿ

ಪೋರ್ಟ್‌ಫೋಲಿಯೋ ಅಂತಾರಲ್ಲ, ಅದು ಇದೇ: ನಿಮ್ಮ ಕೆಲಸದ ಪುರಾವೆಗಳ ಫೈಲ್. ಇಪ್ಪತ್ತು ಪುಟ ದಾಟದಿರಲಿ. ಹೆಸರು ಅಳಿಸಿದ ಐದಾರು ಅಬ್ಸರ್ವೇಶನ್‌ಗಳು. ಸರಿಯಾಗಿ ನಡೆಯದ ಒಂದು ಚಟುವಟಿಕೆ ಮತ್ತು ಅದನ್ನು ಹೇಗೆ ಬದಲಾಯಿಸಿದಿರಿ ಅನ್ನೋದು. ಇದನ್ನು ಯಾರೂ ಹಾಕುವುದಿಲ್ಲ, ಹಾಕಿದವರನ್ನು ಮರೆಯುವುದಿಲ್ಲ. ನಿಮ್ಮ ಕ್ಲಾಸಿನ ನಕ್ಷೆ, ಯಾವ ಮೂಲೆಯಲ್ಲಿ ಏನಿದೆ, ಯಾಕೆ. ಪೋಷಕರಿಗೆ ಬರೆದ ಒಂದು ಪತ್ರ. ತರಬೇತಿ ಪತ್ರಗಳು ಕೊನೆಗೆ.

ಮಕ್ಕಳ ಮುಖ ಕಾಣುವ ಫೋಟೋ ಹಾಕಬೇಡಿ. ಪೋಷಕರು ಲಿಖಿತವಾಗಿ ಒಪ್ಪಿದ್ದರೂ ಅವರು ಒಪ್ಪಿದ್ದು ಆ ಶಾಲೆಯ ಉಪಯೋಗಕ್ಕೆ, ನಿಮ್ಮ ಮುಂದಿನ ಇಂಟರ್‌ವ್ಯೂಗೆ ಅಲ್ಲ. ಕೈ, ಬೆನ್ನು, ಕಟ್ಟಿದ ಬ್ಲಾಕು, ಬಿಡಿಸಿದ ಚಿತ್ರ ಸಾಕು. ನೆಟ್ಟಿನಿಂದ ಇಳಿಸಿದ ಲೆಸನ್ ಪ್ಲಾನ್ ಹಾಕಿದರೆ ಎರಡನೇ ಪ್ರಶ್ನೆಗೆ ಸಿಕ್ಕಿಬೀಳುತ್ತೀರಿ. ಗ್ಲಿಟರು, ರಿಬ್ಬನ್ನು ಬೇಡವೇ ಬೇಡ.

5. ಕವಲು ಆರಿಸಿಕೊಳ್ಳಿ

ಬೆಳವಣಿಗೆ ಅಂದರೆ ಕ್ಲಾಸ್ ಬಿಟ್ಟು ಆಫೀಸಿಗೆ ಹೋಗುವುದು ಅಂತ ಒಂದು ನಂಬಿಕೆ ಇದೆ. ನನಗೆ ಅದು ಅಷ್ಟೇನೂ ಒಪ್ಪಿಗೆ ಇಲ್ಲ. ಒಳ್ಳೆಯ ಟೀಚರನ್ನು ಕ್ಲಾಸಿನಿಂದ ಎತ್ತಿ ಬಿಲ್ಲು, ಬಸ್ಸು, ಬ್ರೋಷರ್ ನೋಡಿಕೊಳ್ಳಲು ಕೂರಿಸುವುದರಿಂದ ಎರಡು ಕಡೆಯೂ ನಷ್ಟ. ಇರುವ ಕವಲುಗಳನ್ನು ನೋಡಿ, ಆಮೇಲೆ ಯೋಚಿಸಿ.

ಕ್ಲಾಸಿನಲ್ಲೇ ಆಳಕ್ಕೆ ಇಳಿಯುವುದು. ಸಹಾಯಕಿಯಿಂದ ಟೀಚರ್, ಅಲ್ಲಿಂದ ಮುಖ್ಯ ಟೀಚರ್, ಆಮೇಲೆ ಬೇರೆಯವರು ಬಂದು ಕಲಿಯುವ ಮಾದರಿ ಕ್ಲಾಸು. ಇಟಲಿಯ ರೆಜಿಯೋ ಎಮಿಲಿಯಾ ನಗರದ ಶಾಲೆಗಳನ್ನು ನೋಡಿ. ಲೋರಿಸ್ ಮಲಗುಝಿ ಅನ್ನುವ ಶಿಕ್ಷಣ ತಜ್ಞರ ಮಾರ್ಗದರ್ಶನದಲ್ಲಿ ಬೆಳೆದ ಆ ಶಾಲೆಗಳಲ್ಲಿ ಒಂದು ಕ್ಲಾಸಿಗೆ ಇಬ್ಬರು ಟೀಚರು, ಇಬ್ಬರೂ ಸಮಾನರು. ಅಲ್ಲಿ ಎರಡು ವಿಶೇಷ ಹುದ್ದೆಗಳೂ ಇವೆ. ಅಟೆಲಿಯೆರಿಸ್ತಾ, ಅಂದರೆ ಕಲೆಯ ಹಿನ್ನೆಲೆಯಿಂದ ಬಂದು ಮಕ್ಕಳ ಜೊತೆ ಕೆಲಸ ಮಾಡುವವರು. ಪೆಡಗೋಜಿಸ್ತಾ, ಅಂದರೆ ಕೆಲವು ಶಾಲೆಗಳ ಟೀಚರುಗಳ ಜೊತೆ ಕೂತು ಯೋಚಿಸುವವರು. ಚಿತ್ರಕಲೆ, ಸಂಗೀತ, ನಾಟಕ ಓದಿ 'ನನ್ನ ಡಿಗ್ರಿ ವ್ಯರ್ಥ ಆಯ್ತು' ಅನ್ನುವವರು ಇದನ್ನು ಗಮನಿಸಿ.

ಟೀಚರುಗಳಿಗೆ ಟೀಚರ್ ಆಗುವುದು. ಮೆಂಟರ್, ಕೋಚ್, ಟ್ರೇನರ್ ಅಂತ ಬೇರೆ ಬೇರೆ ಹೆಸರು. ಮೆಂಟರ್ ಪಕ್ಕದ ಕ್ಲಾಸಿನ ಹಿರಿಯರು, ಕೋಚ್ ಕ್ಲಾಸಿಗೆ ಬಂದು ನೋಡಿ ಒಂದು ನಿರ್ದಿಷ್ಟ ಅಂಶದ ಮೇಲೆ ಕೆಲಸ ಮಾಡಿಸುವವರು, ಟ್ರೇನರ್ ಗುಂಪಿಗೆ ಪಾಠ ಹೇಳುವವರು. ಇದಕ್ಕೆ ಗುಣಮಟ್ಟ ಅಳೆಯುವ ಒಂದು ಸಾಧನವನ್ನಾದರೂ ಸರಿಯಾಗಿ ಕಲಿಯಿರಿ. ಈಕರ್ಸ್ ಅನ್ನುವುದು 1980ರಿಂದ ಬಳಕೆಯಲ್ಲಿದೆ. ಕ್ಲಾಸಿನ ಜಾಗ, ಸಾಮಗ್ರಿ, ಮಾತುಕತೆ, ದಿನಚರಿಗೆ 1ರಿಂದ 7ರವರೆಗೆ ಅಂಕ ಕೊಡುತ್ತದೆ. 3 ಅಂದರೆ ಕನಿಷ್ಠ, 5 ಅಂದರೆ ಒಳ್ಳೇದು. ಅದನ್ನು ಮೊದಲು ನಿಮ್ಮದೇ ಕ್ಲಾಸಿನ ಮೇಲೆ ಹಾಕಿ ನೋಡಿ. ಕೋಚ್ ಆಗಿ ಮಾಡುವ ದೊಡ್ಡ ತಪ್ಪು ಒಂದೇ ಭೇಟಿಯಲ್ಲಿ ಹನ್ನೆರಡು ಸಲಹೆ ಕೊಡುವುದು. ಒಂದು ಕೊಡಿ. ಎರಡು ವಾರ ಬಿಟ್ಟು ಬಂದು ಅದೊಂದನ್ನೇ ನೋಡಿ.

ವಿಶೇಷ ಅಗತ್ಯದ ಮಕ್ಕಳ ಜೊತೆ. ಮಾತು ತಡವಾದ, ಕೇಳಿಸದ, ಆಟಿಸಂ ಇರುವ ಮಕ್ಕಳಿಗೆ ಬೇಗನೆ ಸಿಗುವ ನೆರವಿಗೆ ಅರ್ಲಿ ಇಂಟರ್‌ವೆನ್ಶನ್ ಅನ್ನುತ್ತಾರೆ. ಬೇಡಿಕೆ ಇದೆ, ಜನ ಕಡಿಮೆ. ಇದಕ್ಕೆ ಪ್ರತ್ಯೇಕ ಓದು ಬೇಕೇ ಬೇಕು, ಅನುಭವದ ಮೇಲೆ ಮಾತ್ರ ನಡೆಯದು. ಒಂದು ಎಚ್ಚರಿಕೆ ಎಲ್ಲಾ ಟೀಚರುಗಳಿಗೂ: ರೋಗದ ಹೆಸರು ಹೇಳುವುದು ನಮ್ಮ ಕೆಲಸ ಅಲ್ಲ. 'ನಿಮ್ಮ ಮಗುವಿಗೆ ಆಟಿಸಂ ಇರಬಹುದು' ಅಂತ ಗೇಟಿನ ಹತ್ತಿರ ನಿಂತು ಹೇಳಿ ಒಂದು ಮನೆಯ ನಿದ್ದೆ ಕೆಡಿಸಬೇಡಿ. 'ಮೂರು ವಾರದಲ್ಲಿ ಆರು ಸಲ ಹಿಂದಿನಿಂದ ಹೆಸರು ಕರೆದೆ, ಒಮ್ಮೆ ತಿರುಗಿದ. ಕಿವಿ ಒಮ್ಮೆ ತೋರಿಸಿ ಬನ್ನಿ' ಅನ್ನಿ. 3ನೇ ಭಾಗದಲ್ಲಿ ಹೇಳಿದ ನೋಟ್‌ಬುಕ್ ಇಲ್ಲಿ ಕೆಲಸಕ್ಕೆ ಬರುತ್ತದೆ.

ಆಡಳಿತ. ಕೋಆರ್ಡಿನೇಟರ್, ಸೆಂಟರ್ ಹೆಡ್, ಡೈರೆಕ್ಟರ್. ಮಕ್ಕಳ ಮೇಲೆ ಪ್ರೀತಿ ಎಷ್ಟಿದ್ದರೂ ಲೆಕ್ಕ ಬರಬೇಕು, ಅದರಲ್ಲೂ ರೇಶಿಯೋ. ಅಂದರೆ ಒಬ್ಬ ದೊಡ್ಡವರಿಗೆ ಎಷ್ಟು ಮಕ್ಕಳು ಅನ್ನುವ ಮಿತಿ. ಇಂಗ್ಲೆಂಡಿನಲ್ಲಿ 2 ವರ್ಷದೊಳಗಿನ ಮೂರು ಮಕ್ಕಳಿಗೆ ಒಬ್ಬರು ಬೇಕು. 2 ವರ್ಷದವರಿಗೆ ಮೊದಲು ನಾಲ್ಕಕ್ಕೆ ಒಬ್ಬರಿದ್ದದ್ದನ್ನು 2023ರಲ್ಲಿ ಐದಕ್ಕೆ ಒಬ್ಬರು ಅಂತ ಸಡಿಲ ಮಾಡಿದರು. 2 ವರ್ಷದೊಳಗಿನ ಏಳು ಕೂಸುಗಳಿದ್ದರೆ ಎಷ್ಟು ಜನ? ಲೆಕ್ಕಕ್ಕೆ ಎರಡು ಚಿಲ್ಲರೆ, ಅಂದರೆ ಮೂವರು ಬೇಕು. ಆ ಮೂವರಲ್ಲಿ ಒಬ್ಬರು ಊಟಕ್ಕೆ ಎದ್ದರೆ? ಆ ಅರ್ಧ ಗಂಟೆಗೆ ನಾಲ್ಕನೆಯವರು ಬೇಕು. ಅವರ ಸಂಬಳ ಎಲ್ಲಿಂದ? ಈ ಪ್ರಶ್ನೆ ನಿಮಗೆ ತಲೆನೋವು ಅನ್ನಿಸಿದರೆ ಈ ಕವಲು ಬೇಡ, ಮಜಾ ಅನ್ನಿಸಿದರೆ ಬನ್ನಿ.

ಪಠ್ಯಕ್ರಮ, ಮಕ್ಕಳ ಪುಸ್ತಕ, ಆಟಿಕೆ ವಿನ್ಯಾಸ, ಸಂಶೋಧನೆ, ಸ್ವಯಂಸೇವಾ ಸಂಸ್ಥೆಗಳ ಕಾರ್ಯಕ್ರಮ ಇವೂ ಇವೆ. ಇಲ್ಲಿಗೆ ಹೆಚ್ಚಾಗಿ ಡಿಗ್ರಿಯ ಮೇಲಿನ ಓದು ಕೇಳುತ್ತಾರೆ. ಬರವಣಿಗೆ ಚೆನ್ನಾಗಿರಬೇಕು.

ಸ್ವಂತ ಸೆಂಟರ್ ತೆರೆಯುವುದು ಕೊನೆಯ ಕವಲು, ಎಲ್ಲರ ಕನಸೂ ಅದೇ. ಒಂದೇ ಮಾತು ಹೇಳುತ್ತೇನೆ. ಬೇರೆಯವರ ಸೆಂಟರಿನ ದುಡ್ಡಿನ ಪುಸ್ತಕವನ್ನು ಒಂದು ವರ್ಷ ಕಣ್ಣಾರೆ ನೋಡದೆ ನಿಮ್ಮದನ್ನು ತೆರೆಯಬೇಡಿ. ಬಣ್ಣ, ಜಾರುಬಂಡೆ, ಹೆಸರು ಎಲ್ಲ ಆಮೇಲೆ.

6. ಕೇಳಿ, ಮತ್ತು ತೋರಿಸಿ

ಈ ಕೆಲಸದಲ್ಲಿ ಸಂಬಳ ಬಹಳ ಕಡೆ ಪ್ರಾಥಮಿಕ ಶಾಲೆಯವರಿಗಿಂತ ಕಡಿಮೆ. ಮಕ್ಕಳನ್ನು ನೋಡಿಕೊಳ್ಳುವುದು ಹೆಂಗಸರಿಗೆ ತಾನಾಗಿಯೇ ಬರುತ್ತದೆ, ಅದಕ್ಕೇನು ಸಂಬಳ ಅನ್ನುವ ಹಳೇ ಧೋರಣೆಯ ಫಲ ಇದು. ಇದನ್ನು ಒಬ್ಬರೇ ಬದಲಾಯಿಸಲಾಗದು. ಆದರೆ ಮಾತಾಡುವಾಗ ಹಿಡಿದುಕೊಳ್ಳಲು ಒಂದು ಗಟ್ಟಿ ವಿಷಯ ಕೊಡುತ್ತೇನೆ.

ಬಾಲ್ಯ ಶಿಕ್ಷಣದ ಲಾಭದ ಬಗ್ಗೆ ಯಾರೇ ಭಾಷಣ ಮಾಡಲಿ, ಅಮೆರಿಕದ ಪೆರಿ ಪ್ರಿಸ್ಕೂಲ್ ಅಧ್ಯಯನ ಬಂದೇ ಬರುತ್ತದೆ. 1962ರಿಂದ 1967ರವರೆಗೆ ಮಿಷಿಗನ್ ರಾಜ್ಯದ ಇಪ್ಸಿಲ್ಯಾಂಟಿಯಲ್ಲಿ ನಡೆದದ್ದು. 123 ಮಕ್ಕಳಲ್ಲಿ 58 ಜನರಿಗೆ ಪ್ರಿಸ್ಕೂಲ್ ಸಿಕ್ಕಿತು, ಮಿಕ್ಕವರಿಗೆ ಇಲ್ಲ. ಎರಡೂ ಗುಂಪನ್ನು ನಡುವಯಸ್ಸಿನವರೆಗೆ ಹಿಂಬಾಲಿಸಿದರು. ಓದು ಮುಗಿಸುವುದು, ದುಡಿಮೆ, ಜೈಲಿಗೆ ಹೋಗದಿರುವುದು ಇದರಲ್ಲೆಲ್ಲ ಮೊದಲ ಗುಂಪು ಮುಂದಿತ್ತು. ಭಾಷಣದಲ್ಲಿ ಬಿಟ್ಟುಹೋಗುವುದು ಇದು: ಅಲ್ಲಿ ಟೀಚರುಗಳು ಪೂರ್ಣ ತರಬೇತಾದವರು, ಒಬ್ಬರಿಗೆ ಸುಮಾರು ಆರು ಮಕ್ಕಳು, ವಾರಕ್ಕೊಮ್ಮೆ ಒಂದೂವರೆ ಗಂಟೆ ಮನೆ ಭೇಟಿ. ಒಬ್ಬರ ಕೈಗೆ ಮೂವತ್ತು ಮಕ್ಕಳನ್ನು ಕೊಟ್ಟು ಆ ಲಾಭದ ಚಿತ್ರ ತೋರಿಸುವವರಿಗೆ ಮೆತ್ತಗೆ ಈ ಮಾತು ನೆನಪಿಸಿ.

ಹುದ್ದೆ ಕೇಳುವ ಮುಂಚೆ ಆ ಹುದ್ದೆಯ ಒಂದು ತುಂಡನ್ನು ಮಾಡಿ ತೋರಿಸಿ. ಹೊಸ ಟೀಚರೊಬ್ಬರಿಗೆ ಎರಡು ತಿಂಗಳು ಮೆಂಟರ್ ಆಗಿ, ಬರೆದಿಡಿ, ಆಮೇಲೆ ಕೇಳಿ. ಆದರೆ ಎರಡು ತಿಂಗಳು ಎರಡು ವರ್ಷ ಆಗದ ಹಾಗೆ ನೋಡಿಕೊಳ್ಳಿ. ನನಗೇ ಆಗಿತ್ತು: 'ಕೋಆರ್ಡಿನೇಟರ್' ಅಂತ ಬ್ಯಾಡ್ಜ್ ಸಿಕ್ಕಿತು, ಸಂಬಳ ಅಷ್ಟೇ, ಕ್ಲಾಸೂ ಅಷ್ಟೇ, ಮೇಲೆ ಸಂಜೆ ಆರರವರೆಗೆ ಪೋಷಕರ ಫೋನು. ಹೊಸ ಹುದ್ದೆಯ ಕೆಲಸ ಏನು, ಹಳೆಯದರಲ್ಲಿ ಏನು ಕಡಿಮೆ ಆಗುತ್ತದೆ, ಸಂಬಳ ಎಷ್ಟು, ಯಾವ ತಾರೀಖಿನಿಂದ, ಈ ನಾಲ್ಕೂ ಬರವಣಿಗೆಯಲ್ಲಿ ಬರಲಿ.

ಬೇರೆ ಶಾಲೆಗೆ ಹೋಗುವುದಾದರೆ ಡೆಮೋ ಕ್ಲಾಸ್ ಇರುತ್ತದೆ. ನೀವು ತಂದ ಚಾರ್ಟನ್ನು ಅಲ್ಲಿ ಯಾರೂ ಅಷ್ಟಾಗಿ ನೋಡುವುದಿಲ್ಲ. ಮಗುವಿನ ಕಣ್ಣಿನ ಎತ್ತರಕ್ಕೆ ಬಗ್ಗಿದಿರಾ? ಪ್ರಶ್ನೆ ಕೇಳಿ ಮೂರು ನಾಲ್ಕು ಸೆಕೆಂಡ್ ಕಾದಿರಾ, ಅಥವಾ ನೀವೇ ಉತ್ತರ ಹೇಳಿಬಿಟ್ಟಿರಾ? ಒಂದು ಮಗು ಎದ್ದು ಕಿಟಕಿಗೆ ಹೋದರೆ ಏನು ಮಾಡಿದಿರಿ? ನೋಡುವುದು ಇಷ್ಟೇ. ಇಂಟರ್‌ವ್ಯೂನಲ್ಲಿ 'ಸ್ಕ್ಯಾಫೋಲ್ಡಿಂಗ್' ಅನ್ನುವ ಪದ ಖಂಡಿತ ಬರುತ್ತದೆ. ಮಗು ಒಂಟಿಯಾಗಿ ಮಾಡಲಾಗದ್ದಕ್ಕೆ ಬೇಕಾದಷ್ಟೇ ಆಸರೆ ಕೊಟ್ಟು, ಕಲಿತ ಹಾಗೆ ಆ ಆಸರೆ ತೆಗೆಯುತ್ತಾ ಹೋಗುವುದು ಅಂತ ಅರ್ಥ. ಎಲ್ಲರೂ ಇದನ್ನು ರಷ್ಯಾದ ಮನಶ್ಶಾಸ್ತ್ರಜ್ಞ ವೈಗೋಟ್ಸ್ಕಿ ಹೇಳಿದ್ದು ಅಂತಾರೆ. ಅವರು ತೀರಿಕೊಂಡದ್ದು 1934ರಲ್ಲಿ. ಕಲಿಕೆಯ ಚರ್ಚೆಗೆ ಈ ಪದ ಬಂದದ್ದು 1976ರಲ್ಲಿ ವುಡ್, ಬ್ರೂನರ್, ರಾಸ್ ಅನ್ನುವ ಮೂವರು ಸಂಶೋಧಕರು ಬರೆದ ಲೇಖನದಿಂದ. ಇದನ್ನು ಹೇಳಿ ಪ್ಯಾನಲ್ ಮುಂದೆ ಜಾಣತನ ತೋರಿಸಬೇಡಿ, ಕೇಳಿದರೆ ಮಾತ್ರ ಹೇಳಿ.

7. ದೇಹ, ಗಂಟಲು, ಕಾಗದ

ಕೆಳಗೆ ಕೂತು ಏಳುವುದು, ಮಕ್ಕಳನ್ನು ಎತ್ತುವುದು, ಪುಟಾಣಿ ಕುರ್ಚಿಯಲ್ಲಿ ಬೆನ್ನು ಬಾಗಿಸುವುದು, ಇದನ್ನು ಇಪ್ಪತ್ತು ವರ್ಷ ಮಾಡಬೇಕೆಂದಿದ್ದರೆ ಈಗಲೇ ಮಂಡಿ ಮಡಚಿ ಎತ್ತುವ ಅಭ್ಯಾಸ ಮಾಡಿಕೊಳ್ಳಿ. ಗಂಟಲಿನಿಂದ ಕೂಗಿ ಗುಂಪು ಹಿಡಿಯಬೇಡಿ. ಚಪ್ಪಾಳೆ, ಗಂಟೆ, ಹಾಡಿನ ಒಂದು ಸಾಲು ಸಾಕು. ಮೊದಲ ವರ್ಷ ಶೀತ ಬಿಡುವುದೇ ಇಲ್ಲ, ರಜೆಯನ್ನು ಅದಕ್ಕೆ ಉಳಿಸಿ.

ಇನ್ನು ಕಾಗದ. ಕೆಲಸ ಬಿಡುವ ದಿನ ಹೂಗುಚ್ಛ, ಫೋಟೋ, ಕಣ್ಣೀರು ಎಲ್ಲ ಆಗುತ್ತದೆ, ಅನುಭವ ಪತ್ರ ಮಾತ್ರ 'ಆಮೇಲೆ ಕಳಿಸ್ತೀವಿ' ಆಗುತ್ತದೆ. ಎರಡು ವಾರ ಮುಂಚೆಯೇ ಕೇಳಿ. ಸುಮ್ನೆ 'ಇವರು ನಮ್ಮಲ್ಲಿ ಟೀಚರ್ ಆಗಿದ್ದರು, ನಡತೆ ಚೆನ್ನಾಗಿದೆ' ಅಂತ ಬರೆಸಿಕೊಂಡರೆ ಮುಂದೆ ಗಂಟೆಗಳ ಲೆಕ್ಕ ಕೇಳುವ ಕಡೆ ಅದು ಉಪಯೋಗಕ್ಕೆ ಬಾರದು. ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ದಿನಕ್ಕೆ ಎಷ್ಟು ಗಂಟೆ, ಯಾವ ವಯಸ್ಸಿನ ಮಕ್ಕಳು, ಸಹಾಯಕಿಯಾಗಿಯೋ ಮುಖ್ಯ ಟೀಚರ್ ಆಗಿಯೋ, ಸಹಿ ಹಾಕಿದವರ ಹೆಸರು ಮತ್ತು ಹುದ್ದೆ. ಶಾಲೆಗಳು ಮುಚ್ಚುತ್ತವೆ, ಆಡಳಿತ ಬದಲಾಗುತ್ತದೆ, ಐದು ವರ್ಷದ ಮೇಲೆ ಹೋಗಿ ಕೇಳಿದರೆ ನಿಮ್ಮ ಹೆಸರು ಗೊತ್ತಿರುವವರೇ ಅಲ್ಲಿರುವುದಿಲ್ಲ. ಸಹಿ ಆದ ಪತ್ರ ಕೈಗೆ ಬಂದ ಮೇಲೆಯೇ ಬೀಗದ ಕೈ ವಾಪಸ್ ಕೊಡಿ.